ಪದ್ಮಿನಿಯ ತುಕ್ಕು ತೆಗೆಯಲು ಕೈ ಬ್ಲಾಸ್ಟರ್: ತೀರ್ಥಹಳ್ಳಿ ಕಡೆಯ ಒಂದು ಕೆಲಸದ ವಿವರ

ಮಲೆನಾಡಿನಲ್ಲಿ ಕಾರಿಗೆ ತುಕ್ಕು ಹಿಡಿಯುವುದು ಒಳಗಿನಿಂದ. ಕರಾವಳಿಯ ಉಪ್ಪುಗಾಳಿ ನಮಗಿಲ್ಲ, ಸರಿ. ಆದರೆ ಜೂನ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಇಲ್ಲಿ ಯಾವುದೂ ಒಣಗುವುದಿಲ್ಲ ಅಲ್ವಾ. ಚಕ್ರದ ಮೇಲಿನ ಕಮಾನಿನೊಳಗೆ ಕೆಮ್ಮಣ್ಣು ಮೆತ್ತಿಕೊಳ್ಳುತ್ತದೆ, ಮುಂದಿನ ಗಾಜಿನ ಕೆಳಗಿನ ಗಾಳಿ ಜಾಲರಿಯಲ್ಲಿ ತರಗೆಲೆ ತುಂಬುತ್ತದೆ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪಟ್ಟಿಯ, ಅಂದರೆ ಸಿಲ್‌ನ, ಅಡಿಯಲ್ಲಿ ನೀರು ಇಳಿಯಲೆಂದು ಕಂಪನಿಯವರೇ ಬಿಟ್ಟ ತೂತುಗಳು ಕೆಸರಿನಿಂದ ಮುಚ್ಚಿಹೋಗುತ್ತವೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ತಗಡು ಪದರ ಪದರವಾಗಿ ಬಿಡುತ್ತಿರುತ್ತದೆ.

ನನ್ನ ಕೈಯಲ್ಲಿರುವುದು 1987ರ ಪ್ರೀಮಿಯರ್ ಪದ್ಮಿನಿ. ಮಾವನ ಕಾರು. ಕೊನೆಗೆ ಅಡಿಕೆ ಚಪ್ಪರದ ಪಕ್ಕದ ಶೆಡ್ಡಿನಲ್ಲಿ ಬಹಳ ಕಾಲ ನಿಂತಿತ್ತು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದ ಗೇರು, ಹಿಂದೆ ಪಟ್ಟಿ ಸ್ಪ್ರಿಂಗು. ಎಂಜಿನ್ ಕೆಲಸಕ್ಕೆ ಈಗಲೂ ಶಿವಮೊಗ್ಗದಲ್ಲಿ ಕೈ ಪಳಗಿದ ಹಳೇ ಮೆಕ್ಯಾನಿಕ್‌ಗಳು ಸಿಗುತ್ತಾರೆ. ಬಾಡಿಯದ್ದೇ ಚಿಂತೆ. ಜೀಪಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ, ಬಾಡಿ ಕರಗಿದರೂ ಜೀಪು ನಿಲ್ಲುತ್ತದೆ. ಪದ್ಮಿನಿಗೆ ಹಾಗಿಲ್ಲ, ಬಾಡಿಯೇ ಚಾಸಿ. ಸಿಲ್ ಹೋದರೆ, ಸ್ಪ್ರಿಂಗ್ ಕಚ್ಚಿಕೊಂಡಿರುವ ಜಾಗ ಹೋದರೆ, ಕಾರೇ ಹೋದ ಹಾಗೆ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟಿತು. ಹೊಸ ಬಾಡಿ ಪ್ಯಾನೆಲ್ ಸುಲಭಕ್ಕೆ ಸಿಗುವುದಿಲ್ಲ. ಇರುವ ತಗಡನ್ನೇ ಉಳಿಸಿಕೊಳ್ಳಬೇಕು.

ಹಾಗಾಗಿ ಮೊದಲು ಗೊತ್ತಾಗಬೇಕಾದ್ದು ಎಲ್ಲಿ ತಗಡು ಇದೆ, ಎಲ್ಲಿ ಬರೀ ಪುಟ್ಟಿ ಇದೆ ಎಂಬುದು. ಹಿಂದೆ ಯಾವುದೋ ಕಾಲದಲ್ಲಿ ಇದಕ್ಕೆ ಟಿಂಕರಿಂಗ್ ಆಗಿದೆ. ತೂತಿನ ಮೇಲೆ ಫೈಬರ್ ಬಟ್ಟೆ ಅಂಟಿಸಿ, ಅದರ ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ, ಕೆಳಗಡೆಯಿಂದ ಟಾರು ಹೊಡೆದಿದ್ದಾರೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿದರೂ ಪೂರ್ತಿ ಗೊತ್ತಾಗುವುದಿಲ್ಲ, ಯಾಕೆಂದರೆ ಬ್ರಷ್ಷು ತುಕ್ಕನ್ನು ತೆಗೆಯುವುದಕ್ಕಿಂತ ಜಾಸ್ತಿ ಅದಕ್ಕೆ ಪಾಲಿಶ್ ಕೊಡುತ್ತದೆ. ಮೇಲ್ಮೈ ಕಂದುಗಪ್ಪಾಗಿ ಹೊಳೆಯುತ್ತದೆ, ನೋಡಲು ಕಬ್ಬಿಣದ ಹಾಗೇ ಇರುತ್ತದೆ, ಆದರೆ ಸಣ್ಣ ಸಣ್ಣ ಗುಂಡಿಗಳ ತಳದಲ್ಲಿ ತುಕ್ಕು ಹಾಗೇ ಕೂತಿರುತ್ತದೆ. ಅದರ ಮೇಲೆ ಎಂಥ ಪ್ರೈಮರ್ ಹೊಡೆದರೂ ಎರಡು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ.

ಇಲ್ಲಿಗೇ ಸ್ಪಾಟ್ ಬ್ಲಾಸ್ಟರ್ ಬೇಕಾಗುವುದು. ಕೈಯಲ್ಲಿ ಹಿಡಿಯುವ ಗನ್ನು. ಹಿಂದೆ ಒಂದು ಬಟ್ಟೆ ಚೀಲ, ಮುಂದೆ ರಬ್ಬರ್ ಮೂತಿ. ಕಂಪ್ರೆಸರಿನ ಗಾಳಿ ರಭಸದಿಂದ ಹಾಯುವಾಗ ಚೀಲದಲ್ಲಿರುವ ಗ್ರಿಟ್ಟನ್ನು, ಅಂದರೆ ಗಡಸು ಹರಳಿನ ಪುಡಿಯನ್ನು, ಎಳೆದುಕೊಂಡು ನಾಝಲ್‌ನಿಂದ ತಗಡಿಗೆ ಹೊಡೆಯುತ್ತದೆ. ಹೊಡೆದ ಗ್ರಿಟ್ಟು ರಬ್ಬರ್ ಮೂತಿಯೊಳಗೇ ಪುಟಿದು, ಪಕ್ಕದ ದಾರಿಯಿಂದ ಚೀಲಕ್ಕೆ ವಾಪಸ್ ಬರುತ್ತದೆ. ಮೂತಿಗಳು ನಾಲ್ಕು ತರಹ ಬರುತ್ತವೆ: ಚಪ್ಪಟೆ ಜಾಗಕ್ಕೆ ಒಂದು, ಅಂಚಿಗೆ ಒಂದು, ಒಳಮೂಲೆಗೆ ಒಂದು, ಹೊರಮೂಲೆಗೆ ಒಂದು. ಒಂದು ಸಲಕ್ಕೆ ಸ್ವಚ್ಛವಾಗುವುದು ಹೆಚ್ಚೆಂದರೆ ಒಂದಿಂಚು ಅಗಲ. ಅಷ್ಟೇ. ಇದರಲ್ಲಿ ಇಡೀ ಕಾರು ಬ್ಲಾಸ್ಟ್ ಮಾಡುತ್ತೇನೆ ಅಂತ ಹೊರಟರೆ ಒಂದು ಬೇಸಿಗೆ ಸಾಲದು. ವೆಲ್ಡ್ ಸಂದು, ಚಾವಣಿಯ ಸುತ್ತಲಿನ ನೀರಿನ ಕಾಲುವೆ, ಚಕ್ರದ ಕಮಾನಿನ ಅಂಚು, ಬ್ಯಾಟರಿ ತಟ್ಟೆ, ಬಾಗಿಲಿನ ಕೀಲಿನ ಮೂಲೆ, ಹೀಗೆ ಬ್ರಷ್ಷು, ಸ್ಯಾಂಡ್‌ಪೇಪರು ಎರಡೂ ಹೋಗದ ಜಾಗಗಳಿಗೆ ಇದು.

ದೊಡ್ಡ ಚಪ್ಪಟೆ ಭಾಗಗಳಿಗೆ, ಅಂದರೆ ಬಾನೆಟ್, ಚಾವಣಿ, ಬಾಗಿಲಿನ ಹೊರಮೈಗೆ, ಬ್ಲಾಸ್ಟಿಂಗೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕಡೆ ಫೌಂಡ್ರಿಗಳಿವೆ, ಅಲ್ಲಿ ಸಣ್ಣ ಉಕ್ಕಿನ ಗುಂಡು ಹೊಡೆಯುವ ಶಾಟ್ ಬ್ಲಾಸ್ಟ್ ಯಂತ್ರ ಇರುತ್ತದೆ, ಬಾಗಿಲು ಬಿಚ್ಚಿ ಕೊಟ್ಟರೆ ಆಯಿತಲ್ಲ ಎಂದು ಹೇಳುವವರಿದ್ದಾರೆ. ಆ ಯಂತ್ರ ಎರಕದ ಕಬ್ಬಿಣಕ್ಕೆ ಮಾಡಿದ್ದು. ಕಾರಿನ ತಗಡು ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಬ್ಲಾಸ್ಟ್ ಮಾಡಿದರೆ ತಗಡು ಬಿಸಿಯಾಗಿ ಸೊಟ್ಟಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮುಖ್ಯ ಕಾರಣ ಬಿಸಿ ಅಲ್ಲ. ಪ್ರತಿ ಕಣವೂ ಒಂದು ಸಣ್ಣ ಸುತ್ತಿಗೆ ಏಟು. ಒಂದೇ ಮಗ್ಗುಲಿಗೆ ಲಕ್ಷಗಟ್ಟಲೆ ಏಟು ಬಿದ್ದಾಗ ಆ ಮೈ ಹಿಗ್ಗಲು ನೋಡುತ್ತದೆ, ಹಿಂದಿನ ಮೈ ಹಾಗೇ ಇರುತ್ತದೆ, ಪ್ಯಾನೆಲ್ ಉಬ್ಬುತ್ತದೆ. ಒಮ್ಮೆ ಉಬ್ಬಿದ ಬಾನೆಟ್ಟನ್ನು ಸರಿ ಮಾಡುವುದು ಬಹಳ ಕಷ್ಟ. ಅಂಥ ಜಾಗಕ್ಕೆ ಪೇಂಟ್ ರಿಮೂವರ್ ಹಚ್ಚಿ, ಆಮೇಲೆ ಸ್ಯಾಂಡರ್ ಓಡಿಸಿದರೆ ಸಾಕು. ಮಡಿಕೆ, ಅಂಚು, ಮೂಲೆಗಳು ತಮ್ಮ ಆಕಾರದಿಂದಲೇ ಗಟ್ಟಿಯಾಗಿರುತ್ತವೆ, ಅಲ್ಲಿ ಧೈರ್ಯವಾಗಿ ಬ್ಲಾಸ್ಟ್ ಮಾಡಬಹುದು.

ಇನ್ನು ಗಾಳಿಯ ವಿಷಯ. ಗನ್ನು ಚಿಕ್ಕದು, ಸಣ್ಣ ಕಂಪ್ರೆಸರ್ ಸಾಕು ಅನ್ನಿಸುತ್ತದೆ. ಸಾಲದು. ಇಂಥ ಗನ್ನುಗಳಿಗೆ ಸುಮಾರು 90 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 8ರಿಂದ 10 ಘನ ಅಡಿ ಗಾಳಿ ಬೇಕು. 10 ಘನ ಅಡಿ ಅಂದರೆ 283 ಲೀಟರ್. ಒಂದು ಎಚ್‌ಪಿ ಕಂಪ್ರೆಸರ್ 3 ಘನ ಅಡಿ ಕೊಟ್ಟರೆ ಹೆಚ್ಚು, 85 ಲೀಟರ್. ಅದರ 50 ಲೀಟರ್ ಟ್ಯಾಂಕು 8 ಬಾರ್ ಒತ್ತಡದಿಂದ 5 ಬಾರ್‌ಗೆ ಇಳಿಯುವಷ್ಟರಲ್ಲಿ ಸಿಗುವ ಗಾಳಿ 150 ಲೀಟರ್. ಲೆಕ್ಕ ಹಾಕಿ, ಮುಕ್ಕಾಲು ನಿಮಿಷಕ್ಕೆ ಉಸಿರು ಖಾಲಿ. ಆಮೇಲೆ ತುಂಬುವವರೆಗೆ ಕಾಯಬೇಕು. ನಾನು ಬಳಸುತ್ತಿರುವುದು ಬೆಲ್ಟ್ ಇರುವ 3 ಎಚ್‌ಪಿ, 150 ಲೀಟರ್ ಟ್ಯಾಂಕ್. ಅದರಲ್ಲಿ ಐದು ನಿಮಿಷದ ಹತ್ತಿರ ಒಂದೇ ಸಮ ಹೊಡೆಯಬಹುದು, ಈ ಕೆಲಸಕ್ಕೆ ಅಷ್ಟು ಧಾರಾಳ. ಊರಿನ ಕಡೆ ಸಂಜೆ ವೋಲ್ಟೇಜ್ ಇಳಿಯುತ್ತದೆ, ಮೋಟರ್ ಗುಂಯ್ ಎನ್ನುತ್ತಾ ಸ್ಟಾರ್ಟ್ ಆಗದೆ ಒದ್ದಾಡುತ್ತದೆ, ಹಾಗಾಗಿ ತೋಟಕ್ಕೆ ಪಂಪ್ ಓಡುವ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲೇ ಕೆಲಸ. ಪೈಪಿನ ಒಳ ಅಗಲವೂ ಮುಖ್ಯ. ಸಪೂರ ಪೈಪಿನಲ್ಲಿ ಗಾಳಿ ದಾರಿಯಲ್ಲೇ ಸೋತುಹೋಗುತ್ತದೆ. 10 ಮಿಲಿಮೀಟರ್‌ಗಿಂತ ಕಡಿಮೆಯದ್ದು ತರಬೇಡಿ.

ಆದರೆ ಮಲೆನಾಡಿನಲ್ಲಿ ನಿಜವಾದ ಶತ್ರು ನೀರು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರನ್ನು ಆವಿಯಾಗಿ ಹಿಡಿದುಕೊಳ್ಳಬಲ್ಲದು. ತೇವಾಂಶ ನೂರಕ್ಕೆ 80 ಇದ್ದರೆ 24 ಗ್ರಾಂ. ಎಂಟು ಘನ ಮೀಟರ್ ಗಾಳಿಯನ್ನು ಒತ್ತಿ ಒಂದಕ್ಕೆ ಇಳಿಸಿದರೆ ಅದರಲ್ಲಿ 190 ಗ್ರಾಂ ಮೇಲೆ ನೀರಿರುತ್ತದೆ, ಆದರೆ ಆ ಜಾಗಕ್ಕೆ ತಾಳುವುದು ಅದೇ 30 ಗ್ರಾಂ. ಉಳಿದದ್ದೆಲ್ಲ ಹನಿಯಾಗಿ ಇಳಿಯಲೇಬೇಕು. ಕಂಪ್ರೆಸರಿನಿಂದ ಹೊರಬರುವಾಗ ಗಾಳಿ ಬಿಸಿ ಇರುತ್ತದೆ, ಆಗ ನೀರು ಕಾಣಿಸುವುದಿಲ್ಲ. ಪೈಪಿನಲ್ಲಿ ಹೋಗುತ್ತಾ ತಣ್ಣಗಾಗಿ ಸರಿಯಾಗಿ ಗನ್ನಿನ ಹತ್ತಿರ ಹನಿಯಾಗುತ್ತದೆ. ಗ್ರಿಟ್ಟು ಒದ್ದೆಯಾಗುತ್ತದೆ, ಮುದ್ದೆ ಕಟ್ಟುತ್ತದೆ, ನಾಝಲ್ ಕಟ್ಟಿಕೊಳ್ಳುತ್ತದೆ. ಗನ್ನು ಸರಿಯಿಲ್ಲ ಎಂದು ಬೈಯುವವರಲ್ಲಿ ಅರ್ಧಕ್ಕರ್ಧ ಜನರ ತೊಂದರೆ ಗನ್ನಿನದ್ದಲ್ಲ, ಈ ನೀರಿನದ್ದೇ ಇರಬೇಕು.

ಅಂಗಡಿಯವರು ಗಾಳಿಯಲ್ಲಿನ ನೀರು ಹಿಡಿಯುವ ವಾಟರ್ ಟ್ರಾಪನ್ನು ಕಂಪ್ರೆಸರ್ ಮೂತಿಗೇ ಹಾಕಿ ಕೊಡುತ್ತಾರೆ. ಅಲ್ಲಿ ಅದು ಹೆಚ್ಚು ಕೆಲಸ ಮಾಡುವುದಿಲ್ಲ, ಯಾಕೆಂದರೆ ಅಲ್ಲಿ ನೀರು ಇನ್ನೂ ಆವಿ. ಮೊದಲು ಗಾಳಿ ತಣ್ಣಗಾಗಬೇಕು, ಆಮೇಲೆ ಟ್ರಾಪ್. ನಾನು ಮಾಡಿದ ಏರ್ಪಾಡು ಇದು: ಫ್ರಿಜ್ ರಿಪೇರಿಯವರು ಬಳಸುವ ತಾಮ್ರದ ಕೊಳವೆಯಲ್ಲೇ ದಪ್ಪನೆಯದು, ಒತ್ತಡ ತಡೆಯುವಂಥದ್ದು ತಂದು, ಸುರುಳಿ ಸುತ್ತಿ, ಹಳೆಯ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇಳಿಬಿಟ್ಟೆ. ಡ್ರಮ್ಮಿಗೆ ಅಬ್ಬಿ ನೀರು. ಗುಡ್ಡದಿಂದ ಪೈಪಿನಲ್ಲಿ ತಾನಾಗಿ ಬರುವ ನೀರು, ನಡು ಮಧ್ಯಾಹ್ನವೂ ಕೈ ಇಟ್ಟರೆ ಜುಂ ಎನ್ನುತ್ತದೆ. ಸುರುಳಿಯ ಕೆಳತುದಿಯಲ್ಲಿ ಟ್ರಾಪ್, ಅದರ ನಂತರ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಫಿಲ್ಟರ್. ಇದರಲ್ಲಿ ಒಂದು ಅನುಕೂಲ ಇದೆ. 22 ಡಿಗ್ರಿಗೆ ಇಳಿದ ಗಾಳಿ ಘನ ಮೀಟರಿಗೆ 19 ಗ್ರಾಂ ಚಿಲ್ಲರೆ ನೀರನ್ನು ಮಾತ್ರ ಹಿಡಿದುಕೊಳ್ಳುತ್ತದೆ, ಉಳಿದದ್ದು ಟ್ರಾಪಿನಲ್ಲೇ ಬೀಳುತ್ತದೆ. ಅದೇ ಗಾಳಿ ಮುಂದೆ ಶೆಡ್ಡಿನ ಬಿಸಿಗೆ 30 ಡಿಗ್ರಿಗೆ ಏರಿದಾಗ ಅದಕ್ಕೆ ಇನ್ನೂ ನೀರು ಕುಡಿಯುವ ತಾಕತ್ತು ಇರುತ್ತದೆ, ಹನಿ ಬಿಡುವುದಿಲ್ಲ. ಟ್ರಾಪಿನ ಗಾಜಿನ ಬಟ್ಟಲಲ್ಲಿ ನೀರು ಏರುವುದು ಕಣ್ಣಿಗೇ ಕಾಣುತ್ತದೆ. ಅಷ್ಟು ನೀರು ಗ್ರಿಟ್ಟಿನೊಳಗೆ ಹೋಗುತ್ತಿತ್ತು ಎಂದು ನೆನೆಸಿಕೊಂಡರೆ ಸಾಕು, ತಾಮ್ರಕ್ಕೆ ಕೊಟ್ಟ ದುಡ್ಡು ಜಾಸ್ತಿ ಅನ್ನಿಸುವುದಿಲ್ಲ. ಟ್ಯಾಂಕಿನ ಅಡಿಯ ತಿರುಪನ್ನೂ ದಿನಾ ಬಿಟ್ಟು ನೀರು ಖಾಲಿ ಮಾಡಬೇಕು.

ಗ್ರಿಟ್ ಯಾವುದು ಎಂಬ ಪ್ರಶ್ನೆಗೆ ಮೊದಲು ಯಾವುದು ಬೇಡ ಎಂದು ಹೇಳಿಬಿಡುತ್ತೇನೆ. ನದಿ ಮರಳು ಬೇಡ. ತುಂಗೆ ಮರಳನ್ನು ನುಣ್ಣಗೆ ಜರಡಿ ಹಿಡಿದು ಹಾಕಿದರೆ ಪುಕ್ಕಟೆ ಆಗುತ್ತದಲ್ಲ ಎಂದು ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಮರಳೆಂದರೆ ಬಹುಪಾಲು ಸಿಲಿಕಾ. ತಗಡಿಗೆ ಬಡಿದಾಗ ಕಣ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ, ಅದು ಶ್ವಾಸಕೋಶದ ಒಳಗೆ ಹೋಗಿ ಕೂರುತ್ತದೆ, ಅಲ್ಲಿ ಗಾಯದ ಕಲೆ ಕಟ್ಟುತ್ತದೆ. ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಬ್ರಿಟನ್ನಿನಲ್ಲಿ ಎರಕದ ವಸ್ತುಗಳ ಬ್ಲಾಸ್ಟಿಂಗಿಗೆ ಮರಳು ಬಳಸುವುದನ್ನು 1950ರ ಹೊತ್ತಿಗೇ ನಿಲ್ಲಿಸಿದರು. ಸ್ಯಾಂಡ್ ಬ್ಲಾಸ್ಟಿಂಗ್ ಎನ್ನುವ ಹೆಸರು ಮಾತ್ರ ಉಳಿದಿದೆ. ದಯವಿಟ್ಟು ಮರಳು ಹಾಕಬೇಡಿ, ಒಂದು ಸಲಕ್ಕೂ ಬೇಡ.

ನಾನು ಹಾಕುವುದು ಕಂದು ಅಲ್ಯುಮಿನಿಯಂ ಆಕ್ಸೈಡ್. ದಪ್ಪ ತುಕ್ಕಿಗೆ 60 ಗ್ರಿಟ್, ತೆಳು ಜಾಗಕ್ಕೆ 120; ಸಂಖ್ಯೆ ಹೆಚ್ಚಿದಷ್ಟೂ ಕಣ ಸಣ್ಣದು. ಗಡಸುತನದಲ್ಲಿ ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ, ಮೋಸ್ ಅಳತೆಯಲ್ಲಿ 9. ಬೇಗ ಒಡೆಯುವುದಿಲ್ಲ, ಚೀಲಕ್ಕೆ ವಾಪಸ್ ಬಂದದ್ದನ್ನೇ ಮತ್ತೆ ಮತ್ತೆ ಬಳಸಬಹುದು. ಗಾರ್ನೆಟ್ ಎಂಬ ಗಡಸು ಖನಿಜದ ಪುಡಿ ಕೂಡ ಒಳ್ಳೆಯದು. ಗಾಜಿನ ಮಣಿ ತುಕ್ಕಿಗೆ ಆಗುವುದಿಲ್ಲ, ಅದು ಅಲ್ಯುಮಿನಿಯಂ ಬಿಡಿಭಾಗಗಳಿಗೆ ಹೊಳಪು ಕೊಡಲು ಸರಿ. ಚೀಲದಿಂದ ತೆಗೆದ ಗ್ರಿಟ್ಟನ್ನು ಪ್ರತಿ ಸಲ ಜರಡಿ ಹಿಡಿಯಬೇಕು, ಪೇಂಟಿನ ಸಿಪ್ಪೆ, ತುಕ್ಕಿನ ಚಕ್ಕೆ ಎಲ್ಲ ಬೇರೆ ಆಗಬೇಕು. ಇನ್ನೂ ಬಳಸದ ಗ್ರಿಟ್ಟು ತೇವ ಆಗಿದ್ದರೆ ಕಬ್ಬಿಣದ ಬಾಣಲೆಯಲ್ಲಿ ಹಾಕಿ ಬಚ್ಚಲೊಲೆಯ ಕೆಂಡದ ಮೇಲೆ ಹುರಿದರೆ ಒಣಗುತ್ತದೆ. ಹೀಗೆ ಹುರಿಯುವುದು ಹೊಸ ಗ್ರಿಟ್ಟನ್ನು ಮಾತ್ರ. ಹಳೆ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಒಮ್ಮೆ ಬಣ್ಣಕ್ಕೆ ತಾಗಿದ ಗ್ರಿಟ್ಟನ್ನು ಬಿಸಿಲಿಗೆ ಹರಡಿ ಒಣಗಿಸುವುದೇ ಸರಿ, ಅದೂ ಅಡಿಕೆ ಅಂಗಳದಲ್ಲಿ ಬೇಡ, ಬೇರೆ ಕಡೆ. ಆ ಬಾಣಲೆ, ಆ ಜರಡಿ ಅಡುಗೆಮನೆಗೆ ವಾಪಸ್ ಹೋಗಬಾರದು.

ಚೀಲ ಇದ್ದ ಮಾತ್ರಕ್ಕೆ ಧೂಳು ಇಲ್ಲ ಅಂತಲ್ಲ. ಬಾಗಿದ ಜಾಗದಲ್ಲಿ ಮೂತಿ ಪೂರ್ತಿ ಕೂರುವುದಿಲ್ಲ, ಸಂದಿನಿಂದ ಗ್ರಿಟ್ಟು ಚಿಮ್ಮುತ್ತದೆ. ಮುಖಕ್ಕೆ ಸರಿಯಾಗಿ ಕೂರುವ, ಫಿಲ್ಟರ್ ಬದಲಾಯಿಸುವ ಮಾಸ್ಕ್, ಸುತ್ತ ಮುಚ್ಚುವ ಕನ್ನಡಕ, ಕಿವಿಗೆ ಮುಚ್ಚಿಗೆ. ಬಟ್ಟೆ ಕಟ್ಟಿಕೊಂಡರೆ ಆಗುವುದಿಲ್ಲ.

ಹಿಂದಿನ ಎಡ ಚಕ್ರದ ಕಮಾನಿನ ಕೆಲಸ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ ಒಳತಗಡು, ಹೊರತಗಡು ಎರಡೂ ಸೇರಿ ಅಂಚಿನಲ್ಲಿ ಮಡಚಿಕೊಳ್ಳುತ್ತವೆ. ಆ ಮಡಿಕೆಯ ಉದ್ದಕ್ಕೂ ಒಂದು ಕಂದು ಗೆರೆ ಇತ್ತು, ಅಷ್ಟೇ, ಬಣ್ಣ ಅಲ್ಲಲ್ಲಿ ಉಬ್ಬಿತ್ತು. ಟೈರು ಬಿಚ್ಚಿ, ಬ್ರೇಕ್ ಡ್ರಮ್ಮನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪ್ ಹಾಕಿ, ಕೆಮ್ಮಣ್ಣನ್ನು ಕಿತ್ತು ತೊಳೆದು, ಒಣಗಿದ ಮೇಲೆ ಥಿನ್ನರಿನಲ್ಲಿ ಎಣ್ಣೆ ಜಿಡ್ಡು ಒರೆಸಿದೆ. ಜಿಡ್ಡಿನ ಮೇಲೆ ಬ್ಲಾಸ್ಟ್ ಮಾಡಿದರೆ ಗ್ರಿಟ್ಟೂ ಹಾಳು, ಜಿಡ್ಡು ತಗಡಿನ ಗುಂಡಿಗಳೊಳಗೆ ಇನ್ನೂ ಒತ್ತಿ ಕೂರುತ್ತದೆ. ಆಮೇಲೆ ಅಂಚಿನ ಮೂತಿ ಹಾಕಿ, 70 ಪಿಎಸ್‌ಐ ಇಟ್ಟು, ಗನ್ನನ್ನು ನೇರ ಒತ್ತದೆ ಸ್ವಲ್ಪ ಓರೆಯಾಗಿ ಹಿಡಿದು ನಿಧಾನ ಎಳೆಯುತ್ತಾ ಹೋದೆ. ಸದ್ದು ಮೊದಲು ಮಂಕಾಗಿ ಇರುತ್ತದೆ, ಬಣ್ಣ ಮತ್ತು ಪುಟ್ಟಿ ಹೋಗುವಾಗ. ತಗಡು ಸಿಕ್ಕ ತಕ್ಷಣ ಸದ್ದು ತೀಕ್ಷ್ಣವಾಗುತ್ತದೆ. ಮೂತಿ ಎತ್ತಿ ನೋಡಿದರೆ ಬೂದು ಬಣ್ಣದ, ಹೊಳಪಿಲ್ಲದ, ಸ್ವಚ್ಛ ಉಕ್ಕು. ಕೆಲವು ಜಾಗದಲ್ಲಿ ಸದ್ದು ಬದಲಾಗಲೇ ಇಲ್ಲ, ಗ್ರಿಟ್ಟು ಸೀದಾ ಒಳಗೆ ಹೋಯಿತು. ಹಿಂದಿನಿಂದ ಟಾರ್ಚ್ ಹಿಡಿದು ನೋಡಿದಾಗ ರಾಗಿ ಕಾಳಿನಷ್ಟು ಸಣ್ಣ ಬೆಳಕಿನ ಚುಕ್ಕೆಗಳು, ಒಂದರ ಪಕ್ಕ ಒಂದು, ಅಂಗೈ ಅಗಲ. ಆ ಜಾಗದ ಅಂಚನ್ನು ವರ್ನಿಯರ್‌ನಲ್ಲಿ ಅಳೆದರೆ ಅರ್ಧ ಮಿಲಿಮೀಟರೂ ಉಳಿದಿರಲಿಲ್ಲ.

ಈ ಸತ್ಯ ಬೇರೆ ಯಾವ ವಿಧಾನದಲ್ಲೂ ಇಷ್ಟು ನಿಖರವಾಗಿ ಸಿಗುವುದಿಲ್ಲ. ನನಗೆ ಈ ಗನ್ನಿನ ಮೇಲೆ ಪ್ರೀತಿ ಬಂದಿರುವುದೇ ಅದಕ್ಕೆ. ಎಲ್ಲಿಯವರೆಗೆ ಕತ್ತರಿಸಬೇಕು ಎಂದು ಅದೇ ಗೆರೆ ಎಳೆದು ಕೊಡುತ್ತದೆ. ಚುಕ್ಕೆ ಕಂಡ ಭಾಗದ ಆಚೆ ಎರಡು ಬೆರಳು ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ, 0.9 ಮಿಲಿಮೀಟರಿನ ತಗಡು ಬಗ್ಗಿಸಿ, 0.8 ಮಿಲಿಮೀಟರ್ ವೈರಿನ, ಕಾರ್ಬನ್ ಡೈಆಕ್ಸೈಡ್ ಅನಿಲ ಬಳಸುವ ಸಿಓಟು ವೆಲ್ಡಿಂಗ್‌ನಲ್ಲಿ ಚುಕ್ಕಿ ಚುಕ್ಕಿಯಾಗಿ, ಬಿಸಿ ಒಂದೇ ಕಡೆ ಕೂರದ ಹಾಗೆ ಜಾಗ ಬದಲಿಸುತ್ತಾ ಕೂಡಿಸಿದ್ದಾಯಿತು. ವೆಲ್ಡ್ ಸುತ್ತ ನೀಲಿ ಕಪ್ಪು ಪದರ ಏಳುತ್ತದಲ್ಲ, ಅದರ ಮೇಲೆ ಪ್ರೈಮರ್ ಹಿಡಿಯುವುದಿಲ್ಲ. ಅದನ್ನೂ ಮತ್ತೆ ಸ್ಪಾಟ್ ಬ್ಲಾಸ್ಟರಿನಿಂದಲೇ ತೆಗೆದೆ.

ಬ್ಲಾಸ್ಟ್ ಆದ ಉಕ್ಕನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆವರಿನ ಬೆರಳಚ್ಚು ಮರುದಿನ ತುಕ್ಕಾಗಿ ಕಾಣುತ್ತದೆ. ಬಿಟ್ಟರೆ ಮುಟ್ಟದಿದ್ದರೂ ತುಕ್ಕು ಬರುತ್ತದೆ, ಮಳೆಗಾಲದಲ್ಲಂತೂ ಕೆಲವೇ ಗಂಟೆಗಳಲ್ಲಿ ಬೂದು ಬಣ್ಣ ಹಳದಿಗೆ ತಿರುಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ನಮ್ಮಲ್ಲಿ ಜನವರಿಯಿಂದ ಮಾರ್ಚ್ ಸರಿಯಾದ ಕಾಲ. ಆಗಲೂ ಬೆಳಿಗ್ಗೆ ಬೇಡ. ಇಬ್ಬನಿ ಹೋದ ಮೇಲೂ ತಗಡು ಗಾಳಿಗಿಂತ ತಣ್ಣಗಿರುತ್ತದೆ, ಕಣ್ಣಿಗೆ ಕಾಣದ ತೇವ ಕೂತಿರುತ್ತದೆ. ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ ತಗಡು ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು ಎಂಬುದು ಪೇಂಟಿನವರ ನಿಯಮ. ಶೆಡ್ಡಿನಲ್ಲಿ 30 ಡಿಗ್ರಿ, ತೇವಾಂಶ ನೂರಕ್ಕೆ 60 ಇದ್ದರೆ ಹನಿಗಟ್ಟುವುದು 21ರ ಹತ್ತಿರ, ಚಿಂತೆ ಇಲ್ಲ. ಅಗ್ಗದ ತೇವಾಂಶ ಮೀಟರ್ ಒಂದನ್ನು ಕಂಬಕ್ಕೆ ನೇತು ಹಾಕಿಕೊಳ್ಳಿ. ಹನ್ನೊಂದಕ್ಕೆ ಬ್ಲಾಸ್ಟಿಂಗ್ ಶುರು, ಎರಡರ ಸುಮಾರಿಗೆ ನಿಲ್ಲಿಸಿ ಒಣ ಗಾಳಿಯಲ್ಲಿ ಮಡಿಕೆಗಳನ್ನೆಲ್ಲ ಊದಿ, ವ್ಯಾಕ್ಯೂಮ್ ಹಿಡಿದು ಗ್ರಿಟ್ ತೆಗೆದು, ಅದೇ ಮಧ್ಯಾಹ್ನ ಎರಡು ಡಬ್ಬಿಯದ್ದನ್ನು ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್. ಅದಕ್ಕೇ ಒಂದು ದಿನಕ್ಕೆ ಎಷ್ಟು ಪ್ರೈಮರ್ ಹೊಡೆಯಲು ಆಗುತ್ತದೋ ಅಷ್ಟೇ ಜಾಗ ಬ್ಲಾಸ್ಟ್ ಮಾಡುವುದು. ಇನ್ನೊಂದು ಅಡಿ ಮುಗಿಸಿಬಿಡೋಣ ಎಂಬ ಆಸೆ ಬರುತ್ತದೆ, ಅದಕ್ಕೆ ಜಾಗ ಕೊಡಬಾರದು. ಬ್ಲಾಸ್ಟ್ ಆದ ಮೇಲ್ಮೈ ಸಣ್ಣಗೆ ಒರಟಾಗಿರುವುದರಿಂದ ಎಪಾಕ್ಸಿ ಅದನ್ನು ಕಚ್ಚಿ ಹಿಡಿಯುತ್ತದೆ, ಒಣಗಿದ ಮೇಲೆ ಉಗುರಲ್ಲ, ಉಳಿ ಹಾಕಿದರೂ ಸುಲಭಕ್ಕೆ ಬಿಡುವುದಿಲ್ಲ. ತುಕ್ಕು ಪರಿವರ್ತಿಸುವ ಆಸಿಡ್ ದ್ರವ ಹಚ್ಚಿ ಅದನ್ನು ತೊಳೆಯದೆ ಎಪಾಕ್ಸಿ ಹೊಡೆಯುವುದು ಮಾತ್ರ ಬೇಡ, ಎರಡಕ್ಕೂ ಆಗಿಬರುವುದಿಲ್ಲ.

ಗಾಜು ಮತ್ತು ಕ್ರೋಮಿಗೆ ಒಂದು ಕಣ ತಾಗಿದರೂ ಕಲೆ ಶಾಶ್ವತ. ಗಾಜಿಗೆ ಬರೀ ಟೇಪ್ ಸಾಲದು, ಕಾರ್ಡ್‌ಬೋರ್ಡ್ ಇಟ್ಟು ಅದರ ಮೇಲೆ ಟೇಪ್. ಇನ್ನು ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಗನ್ನು ಹಿಡಿಯಲೇಬೇಡಿ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಆರ್‌ಟಿಒದಲ್ಲಿ ಆ ನಂಬರ್ ನೋಡುತ್ತಾರೆ. ಅಕ್ಷರದ ಅಂಚು ಸವೆದು ಓದಲು ಬಾರದೆ ಹೋದರೆ ಕಾಗದಪತ್ರದ ತಾಪತ್ರಯ ತುಕ್ಕಿಗಿಂತ ದೊಡ್ಡದು. ಅಲ್ಲಿ ಕೈಯಲ್ಲಿ ಮೆತ್ತಗೆ ಉಜ್ಜಿ, ಪಾರದರ್ಶಕ ಲೇಪನ ಸಾಕು.

ನಾಝಲ್ ಸವೆಯುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ತೂತು ಸವೆದು ಅಗಲವಾದರೆ ಹೊಡೆತದ ರಭಸ ಬಿದ್ದುಹೋಗುತ್ತದೆ. ಹೊಡೆತ ಮೆತ್ತಗಾಯಿತು ಅನ್ನಿಸಿದರೆ ಕಂಪ್ರೆಸರ್ ನೋಡುವ ಮೊದಲು ನಾಝಲ್‌ಗೆ ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ಅಳೆಯಿರಿ.

ಸದ್ಯ ಎರಡೂ ಹಿಂಚಕ್ರದ ಕಮಾನು, ಬ್ಯಾಟರಿ ತಟ್ಟೆ, ಚಾವಣಿಯ ಕಾಲುವೆ ಪ್ರೈಮರಿನಲ್ಲಿವೆ. ಎಡ ಸಿಲ್ ತೆರೆದಿದೆ. ಒಳಗೆ ಬ್ಲಾಸ್ಟ್ ಮಾಡಿ ಎಪಾಕ್ಸಿ ಆದ ಮೇಲೆ ಮುಚ್ಚಿ ವೆಲ್ಡ್ ಮಾಡಿ, ಉದ್ದ ಕೊಳವೆಯಲ್ಲಿ ಮೇಣ ಊದಬೇಕು, ಅಡಿಯ ತೂತುಗಳು ತೆರೆದೇ ಇರಬೇಕು. ಬಲ ಸಿಲ್ ಎಡದಷ್ಟು ಕೆಟ್ಟಿಲ್ಲ ಎಂದು ಕಾಣುತ್ತದೆ, ಆದರೆ ಅದರ ಮೇಲೂ ಅದೇ ಹಳೆ ಪುಟ್ಟಿ ಇದೆ, ಗನ್ನು ಹಿಡಿಯುವವರೆಗೆ ನಾನು ಏನನ್ನೂ ಹೇಳುವುದಿಲ್ಲ. ಮುಂಗಾರಿನ ಮೊದಲು ಅದೂ ಮುಗಿಯಬೇಕು.